ಬಳುವಳಿ ಕೂಸು

"ನಿಂದ್ರು ಬೇ. ಬಗ್ಗಬ್ಯಾಡ. ಈ ಕಡಿ ಹೊಳ್ಳು."

ಮಲ್ಕಮ್ಮ ಸೆಗಣಿ ಹತ್ತಿದ ಕೈಗಳನ್ನು ಮೈಯಿಂದ ದೂರ ಹಿಡಿದು ಎದ್ದು ನಿಂತಳು. ದನದ ಅಂಗಳವನ್ನು ಅರ್ಧ ಸಾರಿಸಿ ಆಗಿತ್ತು. ಗೌಡ ದೌಲತರಾಯನ ಹೆಂಡತಿ ಗೌರಾಬಾಯಿ ಹಿಂದಿನ ಕಟ್ಟೆಯ ಮೇಲೆ ಕೂತು ಒಣಗಲು ಹಾಕಿದ ಮೆಣಸಿನಕಾಯಿ ಕಾಯುತ್ತಿದ್ದಳು. ಕಾಗೆ ಓಡಿಸಲು ಇಟ್ಟುಕೊಂಡಿದ್ದ ಉದ್ದನೆ ಕೋಲಿನ ತುದಿಯಿಂದ ಅವಳು ಮಲ್ಕಮ್ಮನ ಸೆರಗು ಸರಿಸಿದಳು. ಹೊಲಗೇರಿಯವರ ಮೈ ಮುಟ್ಟುವ ಹಾಗಿರಲಿಲ್ಲ. ಕೋಲಿಗೆ ಆ ನೇಮವಿರಲಿಲ್ಲ.

"ಎಷ್ಟರಾಗ ಅದ?"

"ನಾಕರಾಗ ಅದ್ರಿ ಅವ್ವಾರ."

"ನಾಕು ತಿಂಗಳಿಂದ ಮುಚ್ಚಿ ಇಟ್ಟೀ ಏನ ರಂಡಿ? ಎಮ್ಮಿ ಗಬ್ಬಾದ್ರ ಆಳು ಎಂಟು ದಿನದಾಗ ಬಂದು ಹೇಳ್ತಾನ."

ಕೋಲಿನ ತುದಿ ಮಲ್ಕಮ್ಮನ ಹೊಟ್ಟೆಯ ಮೇಲೆ ಮೆಲ್ಲಗೆ ಎರಡು ಸಲ ಒತ್ತಿತು. ಬಾಗಿಲಲ್ಲಿ ಗೌಡರ ಕಿರಿಮಗಳು, ಮೂರು ವರ್ಷದ್ದು, ಬೆಳ್ಳಿಯ ಗಿಲಕಿ ಹಿಡಿದು ಆಡುತ್ತಿತ್ತು. ಗೌರಾಬಾಯಿ ಅದನ್ನೊಮ್ಮೆ, ಮಲ್ಕಮ್ಮನ ಹೊಟ್ಟೆಯನ್ನೊಮ್ಮೆ ನೋಡಿ ಬೆರಳು ಮಡಚಿದಳು.

"ಇಕಿ ಲಗ್ನ ಆಗೂದರಾಗ ಅದಕ್ಕ ಎಂಟೊಂಬತ್ತು ತುಂಬಿರ್ತದ. ಬರೋಬ್ಬರಿ ಆಗ್ತದ. ಹೆಣ್ಣು ಹಡಿ. ಗಂಡಾಳು ಕೇರ್ಯಾಗ ರಗಡ ಆಗ್ಯಾವ."

ಗೌಡ ದೌಲತರಾಯ ರುಮಾಲು ಸುತ್ತಿಕೊಳ್ಳುತ್ತ ಹೊರಗೆ ಹೊರಟಿದ್ದ. "ಏನು ನಡದದ?" ಅಂದ.

"ಸಣ್ಣಾಕಿ ಬಳುವಳಿ ಗೊತ್ತು ಮಾಡಾಕತ್ತೇನಿ."

ಗೌಡ ನಕ್ಕು ಹೋದ.

"ಇವತ್ತಿಂದ ಹುಲ್ಲಿನ ಹೊರಿ ಹೊರಬ್ಯಾಡ ನೀ," ಗೌರಾಬಾಯಿ ಹೇಳಿದಳು. "ಜಾರಿ ಬಿದ್ರ ಹೋಗಿಬಿಡ್ತದ. ಹೋಗೂ ಮುಂದ ಗಡಗಿ ಹಿಡಿ, ಮಜ್ಜಿಗಿ ಹಾಕಸ್ತೇನಿ."

ಮಲ್ಕಮ್ಮ ಗೌಡರ ಈ ವಾಡೆಗೆ ಸೆಗಣಿ ಬಳಿಯಲು ಬಂದು ಹನ್ನೊಂದು ವರ್ಷ. ಭಾರ ಹೊರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಜ್ಜಿಗೆ ಮೇಲಿನಿಂದ ಗಡಿಗೆಗೆ ಬೀಳುವಾಗ ಅವಳು ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

ಮೂರು ವರ್ಷದ ಹಿಂದೆ ಗೌಡರ ಹಿರಿಮಗಳು ಹೀರಾಬಾಯಿಯನ್ನು ಅಫಜಲಪುರದ ಆಚೆ ಭೀಮಾ ದಂಡೆಯ ಊರಿಗೆ ಕೊಟ್ಟಿದ್ದರು. ಹಿತ್ತಾಳೆ ಹಂಡೆ, ತೇಗದ ಮಂಚ, ಆರು ಗಾದಿ, ಎರಡು ಹಾಲೆಮ್ಮೆ ಮಗಳ ಜೊತೆ ಬಳುವಳಿಯಾಗಿ ಹೋದವು. ಹೊಸ ಮನೆಯಲ್ಲಿ ಮಗಳ ಮೈಲಿಗೆಯ ಬಟ್ಟೆ ಒಗೆಯಲು, ಸೆಗಣಿ ತೆಗೆಯಲು ತವರಿನದೇ ಒಂದು ಕೂಸು ಇರಬೇಕೆಂದು ಗೌರಾಬಾಯಿಗೆ ಅನಿಸಿತು. ಮಲ್ಕಮ್ಮನ ಗಂಡ ಪೀರಪ್ಪನನ್ನು ಚಾವಡಿಗೆ ಕರೆಸಿದರು. "ನಿನ್ನ ಹುಡುಗಿ ಹೀರಾನ ಜೋಡಿ ಹೋಗ್ತದ, ತಿಳೀತಿಲ್ಲ?" ಎಂದ ಗೌಡ. ಪೀರಪ್ಪ "ಹೂಂ ರಿ ಧಣಿ" ಎಂದ. ಏಳು ವರ್ಷದ ಅಮೃತ ಬಂಡಿಯ ಹಿಂದೆ ಎಮ್ಮೆಯ ಹಗ್ಗ ಹಿಡಿದು ನಡೆದು ಹೋದಳು. ಮಲ್ಕಮ್ಮ ಕೇರಿಯ ತುದಿಯಲ್ಲಿ ನಿಂತು ನೋಡಿದಳು.

ಗುಡಿಸಲಿನ ಮುಂದೆ ಅತ್ತೆ ಭಾಗಮ್ಮ ಮಜ್ಜಿಗೆಯ ಗಡಿಗೆ ನೋಡಿ ಹಿಗ್ಗಿದಳು. "ಅವ್ವಾರು ತಾವಾಗೇ ಕೊಟ್ರೇನ? ಪುಣ್ಯಾತ್ಮಳು."

"ಅತ್ತಿ, ಇದನ್ನ ನಾ ಹಡ್ಯಾಂಗಿಲ್ಲ."

ಪೀರಪ್ಪ ಗೋಡೆಗೆ ಒರಗಿ ಪುಂಡಿಯ ನಾರಿನ ಹಗ್ಗ ಹೊಸೆಯುತ್ತಿದ್ದ. ಅವನ ಅಂಗೈ ನಿಂತಿತು. ಮಲ್ಕಮ್ಮ ವಾಡೆಯಲ್ಲಿ ನಡೆದದ್ದನ್ನು ಹೇಳಿದಳು. ಭಾಗಮ್ಮ ಎಲ್ಲ ಕೇಳಿ, "ಕೂಸು ದೇವರು ಕೊಡೂದು ಮಲ್ಕಿ. ಬ್ಯಾಡ ಅನ್ನಾಕ ನೀ ಯಾರು?" ಎಂದಳು.

"ದೇವರು ಕೊಡೂದು, ಗೌಡ ಒಯ್ಯೂದು. ನಡುವ ನಾ ಯಾಕ ಬ್ಯಾನಿ ತಿನ್ಲಿ?"

"ನಾ ಆರು ಹಡದೇನಿ. ಇವ ಒಬ್ಬ ಉಳದಾನ. ನಾನೂ ನಿನ್ನಂಗ ವಿಚಾರ ಮಾಡ್ಕೋತ ಕೂತಿದ್ರ ಇವ ಎಲ್ಲಿಂದ ಬರ್ತಿದ್ದ? ನಾಳೆ ನನ್ನ ಹೆಣಕ್ಕ ಮಣ್ಣು ಹಾಕೋರು ಯಾರಿರ್ತಿದ್ರು?"

"ನಿನಗ ಮಣ್ಣು ಹಾಕಾಕ ಮಗ ಬೇಕು. ನನಗ ಹಾಕಾಕ ಒಂದು ಬೇಕು. ಅದಕ್ಕಂತ ಹಡದು ಏಳು ವರ್ಸಕ್ಕ ಎಮ್ಮಿ ಹಗ್ಗ ಅದರ ಕೈಯಾಗ ಕೊಡಬೇಕೇನ?"

"ಗಂಡು ಆದೀತು," ಪೀರಪ್ಪ ತಲೆ ಎತ್ತದೆ ಹೇಳಿದ.

"ಗಂಡಾದ್ರ ನಿನ್ನಂಗ ಆಗ್ತದ."

ಪೀರಪ್ಪ ಎದ್ದ. ಹೊಡೆಯುತ್ತಾನೆಂದು ಭಾಗಮ್ಮ ನಡುವೆ ಬಂದಳು. ಅವನು ಹೊಡೆಯಲಿಲ್ಲ. ಅರ್ಧ ಹೊಸೆದ ಹಗ್ಗವನ್ನು ಬಿಸಾಕಿ ಬೇವಿನ ಗಿಡದ ಕೆಳಗೆ ಹೋಗಿ ಕೂತ. ಭಾಗಮ್ಮ ಮಜ್ಜಿಗೆಗೆ ಉಪ್ಪು ಹಾಕಿ ಕಲಸಿದಳು. ಆ ಹೊತ್ತು ಅದನ್ನು ಯಾರೂ ಕುಡಿಯಲಿಲ್ಲ.

ಮರುದಿನ ಮಲ್ಕಮ್ಮ ಸೂಲಗಿತ್ತಿ ಪೀರಬಿಯ ಮನೆಗೆ ಹೋದಳು. ವಾಡೆಯ ಮಕ್ಕಳನ್ನೂ ಕೇರಿಯ ಮಕ್ಕಳನ್ನೂ ಎಳೆದು ಹಾಕಿದ ಕೈ ಪೀರಬಿಯದು. ಅಮೃತಳ ಹೊಕ್ಕಳಬಳ್ಳಿ ಕೊಯ್ದವಳೂ ಅವಳೇ. ಎಲೆ ಅಡಿಕೆ ಕುಟ್ಟುತ್ತ ಮುದುಕಿ ಎಲ್ಲ ಕೇಳಿಸಿಕೊಂಡಳು.

"ಬೇರು ಅದ ನನ್ನ ಹತ್ತರ," ಎಂದಳು. "ಐದು ತುಂಬೂದರೊಳಗಾದ್ರ ಕೆಲಸ ಮಾಡ್ತದ. ನಿನ್ನ ಜೀವಕ್ಕೂ ಬಂದೀತು, ಬರಲಿಕ್ಕೂ ಇಲ್ಲ. ಕೊಡ್ತೇನಿ."

ಮಲ್ಕಮ್ಮ ಸೆರಗು ಒಡ್ಡಿದಳು.

"ಇವತ್ತಲ್ಲ. ಒಂದು ಕೇಳ್ತೇನಿ ಬೇಟಿ. ಹುಟ್ಟಲಾರದ್ದರ ಚಿಂತಿ ಇಷ್ಟು ಮಾಡಾಕತ್ತಿ. ಹುಟ್ಟಿದ್ದರ ಮಾರಿ ನೋಡಿ ಎಷ್ಟು ವರ್ಸ ಆತು?"

"ಮೂರು."

"ಬದುಕಿದ್ದು ಖರೆ ಏನ?"

ಹೀರಾಬಾಯಿ ತವರಿಗೆ ಬಂದಾಗಲೆಲ್ಲ ಹುಡುಗಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಕೇಳಿದರೆ, "ದನ ಯಾರು ನೋಡಬೇಕು?" ಅನ್ನುತ್ತಿದ್ದಳು.

"ಮೊದಲ ಅದನ್ನ ನೋಡಿ ಬಾ. ಬಂದು ಕೇಳು, ಬೇರು ಕೊಡ್ತೇನಿ. ಅಲ್ಲಾನ ಮುಂದ ನಾ ಜವಾಬು ಹೇಳ್ತೇನಿ."

ಹೋಗುತ್ತೇನೆಂದು ಅವಳು ಯಾರಿಗೂ ಹೇಳಲಿಲ್ಲ. ಆದರೂ ಬೆಳಗಿನ ಜಾವ ಅವಳು ಬುತ್ತಿ ಕಟ್ಟುವಾಗ ಪೀರಪ್ಪ ಎದ್ದು ಕೂತಿದ್ದ.

"ವಾಡೆದಾಗ ನಿನ್ನ ಪಾಳಿ ನಾ ಮಾಡ್ತೇನಿ. ನಿನಗ ಮೈ ಕಾದದ, ಜ್ವರ ಬಂದದ ಅಂತ ಹೇಳ್ತೇನಿ."

"ಗಂಡಸು ಸೆಗಣಿ ಸಾರಸ್ತಿ?"

"ನಗ್ತಾರ. ನಗ್ಲಿ." ಅವನು ತನ್ನ ಪಾಲಿನ ಎರಡು ರೊಟ್ಟಿಯನ್ನೂ ಅವಳ ಅರಿವೆಗೆ ಹಾಕಿದ. "ಹುಡುಗಿ ಮುಂದ ನನ್ನ ಹೆಸರು ತಗೀಬ್ಯಾಡ."

ವೈಶಾಖದ ಬಿಸಿಲು. ಜಿಡಗಾ ಊರಿನ ಹಾದಿ ಬಿಟ್ಟು ತೆಂಕಣಕ್ಕೆ ಎರಡು ದಿನ ನಡೆದಳು. ಕರಿ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಬಾವಿಗಳ ಹತ್ತಿರ ದೂರ ನಿಂತು ಬೊಗಸೆ ಒಡ್ಡಿದಳು. ಕೆಲವರು ಹುಯ್ದರು, ಕೆಲವರು ಕಲ್ಲು ತೋರಿಸಿದರು. ಅಫಜಲಪುರದ ಸಂತೆಯ ಮೈದಾನದಲ್ಲಿ ಒಬ್ಬ ಹೆಂಗಸು ಸೊಲ್ಲಾಪುರಕ್ಕೆ ಹೊರಟವಳು ಸಿಕ್ಕಳು. ಲಡಾಯಿ ಶುರುವಾದ ಮೇಲೆ ಅಲ್ಲಿಯ ಗಿರಣಿಗಳು ಹಗಲೂ ರಾತ್ರಿ ಓಡುತ್ತಿವೆ, ಹೆಂಗಸರನ್ನೂ ತಗೊಳ್ಳುತ್ತಾರೆ, ಜಾತಿ ಕೇಳಿದರೂ ಕೆಲಸ ಕೊಡುತ್ತಾರೆ ಎಂದಳು. ಭೀಮಾ ದಾಟಿದರೆ ನಿಜಾಮನ ಹದ್ದು ಮುಗಿದು ಇಂಗ್ರೇಜಿ ಹದ್ದು, ಅಲ್ಲಿಂದ ಇಂಡಿ ಊರಿನ ಟೇಶನ್ನಿಗೆ ನಡೆದರೆ ರೈಲುಗಾಡಿ. ಮಲ್ಕಮ್ಮ ಹೂಂ ಅನ್ನುತ್ತ ಕೇಳಿದಳು. ಅವಳು ನೋಡಿ ಬರಲು ಮಾತ್ರ ಹೊರಟಿದ್ದಳು.

ಹೀರಾಬಾಯಿಯ ಗಂಡನ ಮನೆ ಹೊಳೆಯಿಂದ ಎರಡು ಕೂಗಳತೆಯ ದೂರದಲ್ಲಿತ್ತು. ಹಿತ್ತಲ ಬಾಗಿಲಲ್ಲಿ ಆಳೊಬ್ಬ ತಡೆದ.

"ಯಾರ ಬೇ?"

"ಹೀರವ್ವಾರ ತವರ ಕೇರಿಯಾಕಿ ರಿ. ನಮ್ಮ ಹುಡುಗಿ ಇಲ್ಲಿ ಅದ."

"ನಿಮ್ಮ ಹುಡುಗಿ ಯಾವುದೂ ಇಲ್ಲ ಇಲ್ಲಿ. ಇರೂದು ಹೀರವ್ವಾರ ಹುಡುಗಿ."

ಮಾತು ಕೇಳಿ ಹೀರಾಬಾಯಿ ಹೊರಗೆ ಬಂದಳು. ಹತ್ತೊಂಬತ್ತರ ಪ್ರಾಯ, ಕಂಕುಳಲ್ಲಿ ಕೂಸು. "ಅವ್ವ ಕಳಸ್ಯಾಳೇನ?" ಎಂದು ಕೇಳಿದಳು. ಇಲ್ಲವೆಂದಾಗ ಮುಖ ಗಂಟಾಯಿತು. "ನೋಡಿ ಹೋಗು. ಅಳಸಬ್ಯಾಡ ಮತ್ತ. ಒಮ್ಮಿ ಅತ್ರ ಎಂಟು ದಿನ ಕೆಲಸಕ್ಕ ಕೈ ಹಚ್ಚಾಂಗಿಲ್ಲ ಅದು."

ಅಮೃತ ಗೋಡೆಗೆ ಸೆಗಣಿಯ ಕುಳ್ಳು ತಟ್ಟುತ್ತಿದ್ದಳು. ಉದ್ದವಾಗಿದ್ದಳು. ಹೇನಾದವೆಂದು ತಲೆ ಬೋಳಿಸಿದ್ದರು, ಕೂದಲು ಈಗಷ್ಟೇ ಮೊಳೆಯುತ್ತಿತ್ತು. ಮೊಣಕೈಯ ಮೇಲೆ ಸವಟಿನ ಅಗಲದ ಒಂದು ಸುಟ್ಟ ಗಾಯ, ಹಳೆಯದು.

"ಅಮೃತಾ."

ಹುಡುಗಿ ತಿರುಗಿ ನೋಡಿದಳು. "ಆ ಹೆಸರು ಇಲ್ಲಿ ಕರ್ಯಾಂಗಿಲ್ಲ," ಎಂದಳು.

"ಮತ್ತೇನು ಕರೀತಾರ?"

"ಪೋರಿ ಅಂತಾರ." ಇನ್ನೊಂದು ಕುಳ್ಳು ತಟ್ಟಿದಳು. "ಅಪ್ಪ ಸತ್ತಾನೇನ?"

"ಇಲ್ಲ."

"ಆಯಿ?"

"ಮುದುಕಿ ಗಟ್ಟಿ ಅದಾಳ."

"ಯಾರೂ ಸತ್ತಿಲ್ಲಂದ್ರ ಯಾಕ ಬಂದಿ?"

ಮಲ್ಕಮ್ಮ ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಯ ತುಂಡನ್ನು ಚಾಚಿದಳು. ಹುಡುಗಿ ಕೈ ಒರೆಸಿಕೊಳ್ಳದೆ ತಗೊಂಡು ಗೋಡೆಯ ಕಡೆ ಮುಖ ಮಾಡಿ ಬೇಗ ಬೇಗ ತಿಂದಳು. ತಿಂದಾದ ಮೇಲೆ ತಾಯಿಯ ಹೊಟ್ಟೆ ನೋಡಿದಳು.

"ಕೂಸು ಅದ?"

"ಹೂಂ."

"ಅದನ್ನೂ ಕಳಸ್ತಿ?"

ಮಲ್ಕಮ್ಮ ಕುಳ್ಳಿನ ಬುಟ್ಟಿ ಹಿಡಿದು ಕೆಳಗೆ ಕೂತಳು. ಹುಡುಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಸಿಟ್ಟು ಇರಲಿಲ್ಲ. ಹಗ್ಗ ಎಲ್ಲಿಟ್ಟಿ ಎಂದು ಕೇಳುವ ದನಿಯಲ್ಲಿ ಕೇಳಿದಳು: "ನನ್ನ ಯಾಕ ಹಡದಿ ಯವ್ವಾ?"

ಭಾಗಮ್ಮನ ಉತ್ತರ ಮಲ್ಕಮ್ಮನಿಗೆ ಗೊತ್ತಿತ್ತು. ಪೀರಪ್ಪನದೂ ಗೊತ್ತಿತ್ತು. ಆ ಬೋಳು ತಲೆಯ ಮುಂದೆ ಅವುಗಳಲ್ಲಿ ಯಾವುದನ್ನೂ ಹೇಳಲಾಗಲಿಲ್ಲ. "ಗೊತ್ತಿಲ್ಲವ್ವ," ಎಂದಳು.

ಹುಡುಗಿ ತಲೆ ಆಡಿಸಿದಳು. ತಾಯಿ ಖರೆ ಹೇಳಿದಳೆಂದು ಅವಳಿಗೆ ಅನಿಸಿರಬೇಕು, ಆಮೇಲೆ ತಾನೇ ಮಾತಾಡಿದಳು. ಕೊಟ್ಟಿಗೆಯಲ್ಲಿ ಮಲಗುವುದನ್ನು, ಕೂಸಿನ ಬಟ್ಟೆ ಒಗೆಯುವುದನ್ನು ಹೇಳಿದಳು. ಹಿತ್ತಲ ಮೂಲೆಯ ಬಾವಿ ತೋರಿಸಿದಳು. "ಆ ನೀರು ಯಾರೂ ಕುಡ್ಯಾಂಗಿಲ್ಲ. ದನಕ್ಕ ಅಷ್ಟ. ನನಗಿಂತ ಮೊದಲ ಒಬ್ಬಾಕಿ ಇದ್ಲಂತ. ಹೀರವ್ವಾರ ಅತ್ತಿ ಜೋಡಿ ಬಳುವಳಿ ಬಂದಾಕಿ ಮಗಳು. ಹದಿಮೂರು ವರ್ಸದಾಕಿ. ಅದರಾಗ ಬಿದ್ಲಂತ."

"ಯಾಕ ಬಿದ್ಲು?"

"ಅಡಗಿ ಮುದುಕಿ ಹೇಳಾಂಗಿಲ್ಲ. ಇನ್ನ ಎರಡು ವರ್ಸ ತಡಿ, ನಿನಗೇ ಗೊತ್ತಾಗ್ತದ ಅಂತಾಳ."

ಬಾವಿಯ ಕಟ್ಟೆಯ ಮೇಲೆ ಒಂದು ಹಗ್ಗ, ಒಂದು ಕೊಡ ಇದ್ದವು. ಮೇಲಂತಸ್ತಿನ ಕಿಟಕಿಯಿಂದ ಯಾರೋ ಒಬ್ಬ ಗಂಡಸು ಎಲೆ ಅಡಿಕೆಯ ಉಗುಳು ಕೆಳಗೆ ಉಗುಳಿದ. ಮಲ್ಕಮ್ಮ ಮೇಲೆ ನೋಡುವಷ್ಟರಲ್ಲಿ ಕಿಟಕಿ ಖಾಲಿಯಾಗಿತ್ತು.

"ಹೊಳಿಗಿ ಹೋಗ್ತೀಯೇನ ನೀ?"

"ದಿನಾ ಹೋಗ್ತೇನಿ. ಮಧ್ಯಾಹ್ನಕ್ಕ ಎಮ್ಮಿಗಿ ನೀರು ಕುಡಸಾಕ."

"ಹಂಗಾದ್ರ ಎಮ್ಮಿ ಬಿಚ್ಚು."

ಅಮೃತ ಒಂದು ಗಳಿಗೆ ತಾಯಿಯ ಮುಖ ನೋಡಿದಳು. ಏನೂ ಕೇಳದೆ ಕೊಟ್ಟಿಗೆಗೆ ಹೋಗಿ ಎಮ್ಮೆಗಳ ಕಣ್ಣಿ ಬಿಚ್ಚಿದಳು. ಬಾಗಿಲ ಆಳಿಗೆ ಮಲ್ಕಮ್ಮ ಕೈ ಮುಗಿದು, "ಹೊಳಿ ತನ ಅದರ ಜೋಡಿ ಹೋಗಿ, ಹಂಗೇ ಊರಿಗಿ ಹೋಗ್ತೇನಿ ರಿ," ಎಂದಳು. ಅವನು ಬಾಯಿ ತುಂಬ ತಂಬಾಕು ಇಟ್ಟುಕೊಂಡು ಕೈ ಬೀಸಿದ.

ಬೇಸಿಗೆಗೆ ಭೀಮಾ ಮುಕ್ಕಾಲು ಮರಳಾಗಿತ್ತು. ಜನ ಹಾಯುವ ಜಾಗದಲ್ಲಿ ಸರಕಾರದ ನಾಕಾ, ಒಂದು ಹುಲ್ಲಿನ ಚಪ್ಪರ. ಹೊಳೆ ದಾಟುವ ಮಾಲಿಗೆ ಅಲ್ಲಿ ಮಾಸೂಲು ಅಂತ ಸುಂಕ ವಸೂಲಿ ಮಾಡುತ್ತಿದ್ದರು. ಮುದುಕ ಜವಾನ ಶರಫುದ್ದೀನ ಚಪ್ಪರದ ನೆರಳಲ್ಲಿ ಬೀಡಿ ಹಚ್ಚುತ್ತಿದ್ದ. ದಿನಾ ಎಮ್ಮೆ ತರುವ ಹುಡುಗಿಯ ಗುರುತು ಅವನಿಗಿತ್ತು. ಅವಳು ಎಮ್ಮೆಗಳನ್ನು ಮಡುವಿನ ಹತ್ತಿರ ಬಿಟ್ಟು ತಾನು ಹಾಯುವ ಹಾದಿಗೆ ಬಂದದ್ದನ್ನು ನೋಡಿದ.

"ಏನು ದಾಟಸಾಕತ್ತಿ?" ಎಂದು ಮಲ್ಕಮ್ಮನನ್ನು ಕೇಳಿದ.

"ಎಮ್ಮಿ ಇಲ್ಲೇ ಬಿಟ್ಟೇನಿ ರಿ ಜವಾನ್ರ. ಮಾಲು ಏನೂ ಇಲ್ಲ."

"ಮತ್ತ ಇದು?"

"ಇದು ನಾ ಹಡದ ಕೂಸು ರಿ."

ಶರಫುದ್ದೀನ ಅಮೃತಳ ಬೋಳು ತಲೆ ನೋಡಿದ. ಊರಿನ ದಾರಿಯ ಕಡೆ ನೋಡಿದ. ಬೀಡಿಯ ಬೂದಿ ಕೊಡವಿದ.

"ನಾ ಹತ್ತಿ, ತಂಬಾಕು, ದನ ನೋಡೂ ಮನಷ್ಯಾ. ಮಕ್ಕಳಿಗಿ ಸರಕಾರ ಮಾಸೂಲ ಹಚ್ಚಿಲ್ಲ. ಬಲಕ್ಕ ಹಿಡದು ಹಾಯಿ. ಎಡಕ್ಕ ಮಡು ಅದ. ಲಗೂನ ಹೋಗು."

ನೀರು ಮಲ್ಕಮ್ಮನ ಮೊಣಕಾಲಿಗೆ ಬಂತು, ನಡುವೆ ತೊಡೆಗೆ ಬಂತು. ಅಮೃತ ತಾಯಿಯ ಕೈ ಹಿಡಿಯಲಿಲ್ಲ. ಸೀರೆಯ ತುದಿ ಮಾತ್ರ ಹಿಡಿದಳು.

"ಹೊಟ್ಟ್ಯಾಗಿಂದು ಹೆಣ್ಣಾದ್ರ?" ಎಂದಳು ನೀರಿನ ನಡುವೆ.

"ಅದು ಹುಟ್ಟೂದು ಬಿಡೂದು ಆಮ್ಯಾಲ. ಮೊದಲ ನೀ ದಾಟು."

ಆಚೆಯ ಮರಳಿನ ಮೇಲೆ ಕಾಲಿಟ್ಟು ಸೀರೆ ಹಿಂಡುತ್ತಿದ್ದಾಗ ಹಿಂದಿನಿಂದ ಕೂಗು ಬಂತು. ದಂಡೆಯ ಮೇಲೆ ಹೀರಾಬಾಯಿಯ ಮನೆಯ ಕುದುರೆ ಸವಾರ ನಿಂತಿದ್ದ. ಅವನ ಮುಂದೆ ಧೂಳು ಮೆತ್ತಿದ ಮೈಯ ಒಬ್ಬ ಓಡಿ ಬರುತ್ತಿದ್ದ. ಕೇರಿಯಲ್ಲಿ ಮಲ್ಕಮ್ಮನ ಮನೆಯಿಂದ ಮೂರನೇ ಮನೆಯ ಹುಲೆಪ್ಪ ಅವನು, ಗೌಡರ ಓಲೆ ಹೊತ್ತು ಊರೂರಿಗೆ ಓಡುವ ಚಾಕರಿಯವನು. ಸವಾರ ನೀರಿಗೆ ಇಳಿಯಲಿಲ್ಲ. ಮಲ್ಕಮ್ಮ ದಾಟಿ ನಿಂತಿದ್ದ ಈ ದಂಡೆಯ ಪಾಟೀಲನಿಗೂ ಆ ಮನೆಗೂ ಜಗಳವಿತ್ತು, ಹಿಂದಿನ ವರ್ಷ ಅವರ ಒಂದು ಕುದುರೆಯನ್ನು ಇಲ್ಲಿ ಕಟ್ಟಿಹಾಕಿದ್ದರು. ಅವನು ಹುಲೆಪ್ಪನನ್ನು ನೀರಿಗೆ ಅಟ್ಟಿದ.

ಹುಲೆಪ್ಪ ಹೊಳೆಯ ನಡುವಿಗೆ ಬಂದು ನಿಂತ. ಏದುಸಿರು.

"ಮಲ್ಕಕ್ಕಾ, ಹೊಳ್ಳಿ ಬಾ. ಪೀರ್ಯಾನ್ನ ಚಾವಡಿ ಕಂಬಕ್ಕ ಕಟ್ಯಾರ."

ಮಲ್ಕಮ್ಮನ ಕೈಯಿಂದ ಸೀರೆಯ ಅಂಚು ಜಾರಿತು.

"ಗಂಡಸು ಸಾರಸಾಕ ಬಂದಾನಂತ ಮೊದಲ ನಕ್ರು. ಎರಡನೇ ದಿನಕ್ಕ ಹೊಡದ್ರು. ಹೇಂತಿ ಎಲ್ಲಿ ಹೋದ್ಲು ಅಂತ. ಬಾಯಿ ಬಿಡಲಿಲ್ಲ ಅವ. ಬಸುರಿ ಮಗಳ ಕಡಿ ಬಿಟ್ಟು ಇನ್ನೆಲ್ಲಿ ಹೋಗ್ತಾಳಂತ ಗೌಡನೇ ಅಂದು ನನ್ನ ಓಡಿಸಿದ."

"ಜೀವ ಅದ?"

"ನಾ ಹೊಂಡೂ ತನ ಇತ್ತು."

ದಂಡೆಯ ಮೇಲಿನ ಸವಾರ ಕೂಗಿದ: "ಏನು ಹರಟಿ ಹೊಡ್ಯಾಕತ್ತೀ ಲೇ ಸೂಳಿ ಮಗನ? ಪೋರಿನ್ನ ಎಳಕೊಂಡು ಬಾ."

"ಕೂಸಿನ್ನ ಕೊಡು ಅಕ್ಕಾ," ಹುಲೆಪ್ಪ ದನಿ ತಗ್ಗಿಸಿದ. "ಕೊಟ್ರ ಪೀರ್ಯಾನ್ನ ಬಿಡ್ತಾರ."

"ಕೊಡದಿದ್ರ?"

ಹುಲೆಪ್ಪ ಅಂಗೈಯಿಂದ ಮುಖ ಒರೆಸಿಕೊಂಡ. "ಇದರ ಜಾಗಾಕ್ಕ ನನ್ನ ಮಗಳು ಸಾವಂತ್ರಿನ್ನ ಕಳಸಬೇಕಂತ ಗೌಡ ಹೇಳ್ಯಾನ. ಅದಕ್ಕ ಐದು ತುಂಬಿಲ್ಲ ಅಕ್ಕಾ. ಅವ್ವ ಒಂದು ಗಳಿಗಿ ಕಾಣದಿದ್ರ ಚೀರ್ತದ ಅದು. ನಿನಗ ಕೈ ಮುಗೀತೇನಿ."

ಅವನು ನಿಜವಾಗಿಯೂ ಕೈ ಮುಗಿದ. ಅವನ ತೊಡೆಯ ಸುತ್ತ ನೀರು ಹರಿಯುತ್ತಿತ್ತು. ಸಾವಂತ್ರಿ ಹುಟ್ಟಿದಾಗ ಮೊದಲ ನೀರು ಹಾಕಿದವಳು ಮಲ್ಕಮ್ಮನೇ.

ಅಮೃತ ಮೂರೂ ಜನರನ್ನು ನೋಡಿದಳು. ಎರಡು ಹೆಜ್ಜೆ ನೀರಿನ ಕಡೆಗೆ ಇಟ್ಟಳು. "ನಾ ಹೋಗ್ತೇನಿ ಬಿಡು ಯವ್ವಾ. ಅದು ಸಣ್ಣದದ. ಅದಕ್ಕ ಕೊಡ ಎತ್ತಾಕ ಬರಾಂಗಿಲ್ಲ."

ಮಲ್ಕಮ್ಮ ಅವಳ ರಟ್ಟೆ ಹಿಡಿದಳು. ಮೂಳೆ ಕೈಗೆ ಸಿಕ್ಕಿತು. ಹುಡುಗಿ ಕೊಸರಲಿಲ್ಲ, ಬರಲೂ ಇಲ್ಲ. ಮಲ್ಕಮ್ಮ ಅವಳನ್ನು ಎಳೆದು ತನ್ನ ಹಿಂದೆ ನಿಲ್ಲಿಸಿದಳು.

"ಹುಲೆಪ್ಪಾ, ಸಾವಂತ್ರಿನ್ನ ನಾ ಹಡದಿಲ್ಲ. ನೀ ಹಡದಿ."

"ಅಕ್ಕಾ..."

"ನಾ ಮಾತಾಡ್ತೇನಿ, ಕೇಳು. ಇದನ್ನ ಕೊಟ್ರ ನಿಂದು ಉಳೀತದಂತ ತಿಳದೀಯೇನ? ಇದು ಬಾವಿಗಿ ಬಿದ್ದ ಮ್ಯಾಲ ನಿಂದನ್ನ ಕೇಳ್ತಾರ. ಗೌಡಗ ಇನ್ನೊಂದು ಸಣ್ಣ ಮಗಳು ಅದ. ಮಳಿ ಬರಾಕ ಇನ್ನ ಇಪ್ಪತ್ತು ದಿನ. ಅಲ್ಲೀ ತನ ಹೊಳಿ ಹಿಂಗೇ ಇರ್ತದ. ಹೇಂತಿನ್ನ ಕೂಸಿನ್ನ ಕರಕೊಂಡು ಬಾ. ಬಲಕ್ಕ ಹಿಡದು ಹಾಯಿ. ಸೊಲ್ಲಾಪುರದಾಗ ಗಿರಣಿ ಅವ."

"ಪೀರ್ಯಾ?"

ಕಂಬಕ್ಕೆ ಕಟ್ಟಿದವರನ್ನು ಮಲ್ಕಮ್ಮ ಹಿಂದೆ ನೋಡಿದ್ದಳು. ಕೆಲವರನ್ನು ಬಿಚ್ಚಿದಾಗ ಎದ್ದಿದ್ದರು, ಕೆಲವರು ಎದ್ದಿರಲಿಲ್ಲ.

"ಅವಗ ಹೇಳು," ಎಂದಳು. "ಕೂಸು ದಾಟ್ತು ಅಂತ ಹೇಳು. ಅವ ಕೇಳೂ ಹಂಗಿದ್ರ."

ಸವಾರ ಕಲ್ಲೊಂದನ್ನು ಎತ್ತಿ ಎಸೆದ. ಅದು ಹುಲೆಪ್ಪನ ಪಕ್ಕದಲ್ಲಿ ನೀರಿಗೆ ಬಿತ್ತು. "ಹಿಡಿ ಲೇ ಭಾಡ್ಯಾ. ಬರೇ ಕೈಲೆ ಬಂದ್ರ ನಿನ್ನ ಚರ್ಮ ಸುಲೀತೇನಿ."

ಹತ್ತು ಹೆಜ್ಜೆ ಇಟ್ಟರೆ ಹುಲೆಪ್ಪನ ಕೈಗೆ ಹುಡುಗಿ ಸಿಗುತ್ತಿದ್ದಳು. ಅವನು ಓಡುವುದನ್ನೇ ಚಾಕರಿ ಮಾಡಿಕೊಂಡವನು. ಮಲ್ಕಮ್ಮ ನಾಲ್ಕು ತಿಂಗಳ ಬಸುರಿ, ಎರಡು ದಿನ ನಡೆದು ಬಂದವಳು. ಇದು ಮೂವರಿಗೂ ಗೊತ್ತಿತ್ತು. ಹುಲೆಪ್ಪನ ತುಟಿಗಳು ಅಲುಗಾಡಿದವು. ಮಗಳ ಹೆಸರು ಹೇಳುತ್ತಿದ್ದನೋ, ಬೈಯುತ್ತಿದ್ದನೋ, ಹೊಳೆಯ ಸಪ್ಪಳದಲ್ಲಿ ಕೇಳಿಸಲಿಲ್ಲ.

ಮಲ್ಕಮ್ಮ ಅವನಿಗೆ ಬೆನ್ನು ಮಾಡಿ ನಡೆದಳು. ಮರಳು ಕಾದ ಹಂಚಿನ ಹಾಗಿತ್ತು. ಕಿಬ್ಬೊಟ್ಟೆ ಸೆಳೆಯುತ್ತಿತ್ತು, ಅದಕ್ಕೇ ಅವಳು ಓಡಲಿಲ್ಲ. ಒಂದು ಕೈಯಲ್ಲಿ ಹುಡುಗಿಯ ರಟ್ಟೆ, ಇನ್ನೊಂದು ಕೈಯಲ್ಲಿ ಮರಳಿನಿಂದ ಎತ್ತಿಕೊಂಡ ಗುಂಡುಕಲ್ಲು. ಮುಂದೆ ಇಂಗ್ರೇಜಿ ಹದ್ದಿನ ಮೊದಲ ಹೊಲ, ಅದರ ಬದುವಿನ ಮೇಲೆ ಕೋಲು ಹಿಡಿದ ಒಬ್ಬ ರೈತ ಎದ್ದು ನಿಂತು ಇವರ ಕಡೆ ನೋಡುತ್ತಿದ್ದ.

ಹಿಂದೆ ನೀರು ಕಲಕುವ ಸಪ್ಪಳ ಶುರುವಾಯಿತು. ಹುಲೆಪ್ಪ ಜೋರಾಗಿ ಕಾಲು ಹಾಕುತ್ತಿದ್ದ. ಹುಡುಗಿಯನ್ನು ಹಿಡಿಯಲು ಈ ದಂಡೆಗೋ, ಹೊಳ್ಳಿ ಆ ದಂಡೆಗೋ ತಿಳಿಯಲಿಲ್ಲ.

ಅಮೃತ ತಿರುಗಿ ನೋಡಿದಳು. ಮಲ್ಕಮ್ಮ ನೋಡಲಿಲ್ಲ.